ರಕ್ತ ಕೊಡುವ ಮುನ್ನ ಆ ಹಾಳೆ ಓದಿ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ರಕ್ತದಾನಿಗಳಲ್ಲಿ ಒಂದು ವಿನಂತಿ.

ನಾಯಕರ ಹುಟ್ಟುಹಬ್ಬ, ಗಣಪತಿ ಪೆಂಡಾಲು, ಕಾಲೇಜಿನ ಎನ್‌ಎಸ್‌ಎಸ್ ಶಿಬಿರ: ರಕ್ತ ಕೊಡಲು ನಮ್ಮಲ್ಲಿ ನೆಪಕ್ಕೂ ಬರವಿಲ್ಲ, ಮನಸ್ಸಿಗೂ ಬರವಿಲ್ಲ. ಎಡವುವುದು ಮಂಚ ಹತ್ತುವ ಮುನ್ನ ಕೈಗೆ ಬರುವ ಪ್ರಶ್ನೆಗಳ ಹಾಳೆಯಲ್ಲಿ. ಮೇಜಿನ ಸುತ್ತ ಗೆಳೆಯರು ಮುತ್ತಿರುತ್ತಾರೆ. ಹಿಂದಿನಿಂದ ಯಾರೋ, ‘ಎಲ್ಲಾದಕ್ಕೂ ಇಲ್ಲ ಅಂತ ಟಿಕ್ ಹಾಕಪಾ, ಲಗೂ ಮುಗೀತೈತಿ’ ಅನ್ನುತ್ತಾನೆ. ಹುಡುಗ ಓದದೆಯೇ ಸಹಿ ಮಾಡುತ್ತಾನೆ.

‘ಹೆಂಗೂ ಟೆಸ್ಟ್ ಮಾಡ್ತಾರಲ್ಲ’ ಎಂಬ ಧೈರ್ಯ ಎಲ್ಲರಿಗೂ. ಮಾಡುತ್ತಾರೆ, ನಿಜ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಈ ಐದರ ಪರೀಕ್ಷೆ ಕಡ್ಡಾಯ. ಆದರೆ ಶಿಬಿರದಲ್ಲಿ ನೋಡುವುದು ತೂಕ, ಬಿಪಿ, ಹಿಮೋಗ್ಲೋಬಿನ್ ಅಷ್ಟೇ. ಸೋಂಕಿನ ಪರೀಕ್ಷೆ ಆಗುವುದು ರಕ್ತ ತೆಗೆದ ಮೇಲೆ, ರಕ್ತಕೇಂದ್ರದ ಪ್ರಯೋಗಾಲಯದಲ್ಲಿ. ಅಲ್ಲೂ ಒಂದು ಕಂಡಿ ಉಳಿದೇ ಇರುತ್ತದೆ. ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಎಲೈಸಾ ಪರೀಕ್ಷೆಗೆ ಅದು ಸಿಗುವುದಿಲ್ಲ. ಎಚ್‌ಐವಿಯಾದರೆ ಎರಡು ಮೂರು ವಾರ, ಹೆಪಟೈಟಿಸ್‌ನಲ್ಲಿ ತಿಂಗಳಿಗೂ ಹೆಚ್ಚು. ಡಾಕ್ಟರರು ಇದನ್ನು ವಿಂಡೋ ಪೀರಿಯಡ್ ಅನ್ನುತ್ತಾರೆ. ವರದಿ ನೆಗೆಟಿವ್, ಚೀಲದಲ್ಲಿ ಮಾತ್ರ ವೈರಾಣು. ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸಿದರೆ ಆ ಒಂದೇ ಚೀಲ ಮೂವರ ಮೈಸೇರುತ್ತದೆ. ಈ ಕಂಡಿ ಮುಚ್ಚಲು ಇರುವುದು ನಿಮ್ಮ ನಿಜವಾದ ಉತ್ತರ.

ಆದ್ದರಿಂದ ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದೀರಾ? 12 ತಿಂಗಳು ತಡೆಯಿರಿ. ಮಂಗಳೂರಿನ ಕಡೆ ದುಡಿಯಲು ಹೋಗಿ ಮಲೇರಿಯಾ ಹತ್ತಿಸಿಕೊಂಡು ಬಂದವರು, ವಾಸಿಯಾದ ಮೇಲೂ 3 ತಿಂಗಳು. ಕಾಮಾಲೆ ಆಗಿದ್ದರೆ ಯಾವ ಕಾಮಾಲೆ ಎಂದು ಡಾಕ್ಟರಿಗೆ ಹೇಳಿ. ಹೆಪಟೈಟಿಸ್ ಬಿ ಅಥವಾ ಸಿ ಆಗಿದ್ದರೆ ಮುಂದೆಂದೂ ರಕ್ತ ಕೊಡುವಂತಿಲ್ಲ. ಅಸುರಕ್ಷಿತ ಸಂಬಂಧದ ಅನುಮಾನವಿದ್ದು, ‘ಟೆಸ್ಟ್ ಆದಂಗಾತು’ ಎಂದು ಶಿಬಿರಕ್ಕೆ ಬರುವುದಂತೂ ಬೇಡವೇ ಬೇಡ. ಎಚ್‌ಐವಿ ಪರೀಕ್ಷೆಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಐಸಿಟಿಸಿ ಕೇಂದ್ರಗಳಿವೆ. ಪರೀಕ್ಷೆ ಉಚಿತ, ಫಲಿತಾಂಶ ಗುಟ್ಟು. 1097ಕ್ಕೆ ಕರೆ ಮಾಡಿಯೂ ಕೇಳಬಹುದು.

ಸಂಘಟಕರಿಗೆ ಇನ್ನೊಂದು ಮಾತು. ದುಡ್ಡಿಗೆ ರಕ್ತ ಮಾರುವುದು ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ನಿಂತಿತು. ಹಣಕ್ಕೆ ಬಂದವನು ರೋಗ ಮುಚ್ಚಿಡುತ್ತಾನೆ ಎಂಬುದು ಆಗಿನ ಭಯ. ಶಿಬಿರದಲ್ಲಿ ಉಡುಗೊರೆ ಕೊಡುವ ಹೆಲ್ಮೆಟ್ಟಿನ ಆಸೆಗೆ ಬಂದವನು ಮುಚ್ಚಿಡುವುದಿಲ್ಲವೇನು? ‘ನೂರು ಬಾಟಲಿ ಆಗಲೇಬೇಕು’ ಎಂಬ ಹಟವೂ ಬೇಡ. ಡಾಕ್ಟರು ಮತ್ತು ದಾನಿ ಇಬ್ಬರೇ ಮಾತಾಡಲು ಒಂದು ಪರದೆ ಕಟ್ಟಿ. ಕೊಡದೆ ವಾಪಸಾದವನನ್ನು ‘ಅಂಜಿ ಬಂದ್ಯೇನಲೇ’ ಎಂದು ಕಾಡಿಸಬೇಡಿ, ಯಾಕೆಂದೂ ಕೇಳಬೇಡಿ.

ಹಾಳೆಯಲ್ಲಿ ನಿಮ್ಮದೇ ಮೊಬೈಲ್ ನಂಬರ್ ಬರೆಯಿರಿ. ಪರೀಕ್ಷೆಯಲ್ಲಿ ಏನಾದರೂ ಕಂಡರೆ ರಕ್ತಕೇಂದ್ರದವರು ಕರೆಯುವುದು ಅದಕ್ಕೇ. ಕರೆದರೆ ಗಾಬರಿಯಾಗದೆ ಹೋಗಿ. ಮೊದಲ ಪರೀಕ್ಷೆ ಸುಳ್ಳಾಗುವುದೂ ಉಂಟು, ಖಚಿತಪಡಿಸಲು ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ. ರಕ್ತ ಕೊಟ್ಟು ಮನೆಗೆ ಬಂದ ಮೇಲೆ ಮುಚ್ಚಿಟ್ಟಿದ್ದು ಕೊರೆಯತೊಡಗಿದರೆ, ಅವತ್ತೇ ಅವರಿಗೆ ಫೋನ್ ಮಾಡಿ ‘ನನ್ನ ಚೀಲ ಬಳಸಬೇಡ್ರಿ’ ಅನ್ನಿ.