ಮೀನಿಗೆ ಶಿಫ್ಟ್ ಹಾಕಬೇಡಿ

ತಾಂಡ್ಯದ ಫ್ಯಾಕ್ಟರಿಗಳಲ್ಲಿ ದುಡಿಯೋರೇ, ಒಂದು ಮಾತು. ವಾರಕ್ಕೊಮ್ಮೆ ಶಿಫ್ಟ್ ಬದಲಾದ್ರೆ ನಿಮ್ಮ ನಿದ್ದೆ ಏನಾಗುತ್ತೆ ಗೊತ್ತಲ್ಲ? ಆದ್ರೂ ನೀವು ಮನೆಗೆ ಬಂದ ಹೊತ್ತಿಗೆಲ್ಲ ಅಕ್ವೇರಿಯಂ ಲೈಟ್ ಹಾಕ್ತೀರಿ. ಕೆಲವರಂತೂ ರಾತ್ರಿಯಿಡೀ ಆರಿಸೋದೇ ಇಲ್ಲ.

ಗೋಲ್ಡ್‌ಫಿಶ್‌ಗೆ ಕಣ್ಣಿನ ರೆಪ್ಪೆ ಇಲ್ಲ. ಕತ್ತಲಾದ್ರೆ ಮಾತ್ರ ಅದಕ್ಕೆ ವಿಶ್ರಾಂತಿ. ಪಕ್ಕದ ಕಪಿಲೆಯ ಮೀನಿಗೆ ಬೇಸಿಗೆಯಲ್ಲೂ 11 ಗಂಟೆ ರಾತ್ರಿ ಸಿಗುತ್ತೆ. ತೊಟ್ಟಿ ಮೀನು ಏನು ಪಾಪ ಮಾಡಿತ್ತು?

ಗಿಡ ಇದ್ರೆ ದಿನಕ್ಕೆ 6ರಿಂದ 8 ಗಂಟೆ ಲೈಟ್ ಸಾಕು. ಬರೀ ಮೀನಾದ್ರೆ ಅಷ್ಟೂ ಬೇಡ. ಜಾಸ್ತಿ ಉರಿಸಿದ್ರೆ ಗಾಜಿಗೆ ಪಾಚಿ ಕಟ್ಟುತ್ತೆ, ಉಜ್ಜೋರು ನೀವೇ!

ಒಂದು ಟೈಮರ್ ಹಾಕಿ: ಮಧ್ಯಾಹ್ನ 12ಕ್ಕೆ ಆನ್, ಸಂಜೆ 7ಕ್ಕೆ ಆಫ್. ಸೆಕೆಂಡ್ ಶಿಫ್ಟಿನವರು ವಾರದ ರಜೆ ದಿನ ಕೂತು ನೋಡಿ. ಶಿಫ್ಟ್ ನಮಗಿರಲಿ, ಮೀನಿಗೆ ಬೇಡ.