ಗಗನಸಖಿಯ ವೇಳಾಪಟ್ಟಿ



ನಾವು ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಕಾಲದಲ್ಲಿ ವರ್ಷಾರಂಭದ ವೇಳಾಪಟ್ಟಿಯನ್ನು ರಚಿಸುವ ಭಾರವು ನಮ್ಮ ಪಾಲಿಗೇ ಬರುತ್ತಿದ್ದಿತು. ಸಂಸ್ಕೃತದ ಪಾಠವು ಗಣಿತದ ಪಾಠಕ್ಕೆ ಅಡ್ಡ ಬಾರದಂತೆಯೂ, ಒಬ್ಬರೇ ಉಪಾಧ್ಯಾಯರು ಏಕಕಾಲದಲ್ಲಿ ಎರಡು ತರಗತಿಗಳಲ್ಲಿ ಇರಬೇಕಾಗದಂತೆಯೂ ಆ ಪಟ್ಟಿಯನ್ನು ಹೊಂದಿಸುವಷ್ಟರಲ್ಲಿ ಮೂರು ದಿನಗಳು ಕಳೆಯುತ್ತಿದ್ದವು. ಇದಕ್ಕಿಂತ ತೊಡಕಾದ ವೇಳಾಪಟ್ಟಿಯು ಲೋಕದಲ್ಲಿ ಇರಲಾರದೆಂದು ನಾವು ಭಾವಿಸಿದ್ದೆವು. ಕಳೆದ ಜ್ಯೇಷ್ಠಮಾಸದಲ್ಲಿ ನಮ್ಮ ಮನೆಯ ಹೆಣ್ಣುಮಗುವೊಂದು ಆ ಗರ್ವವನ್ನು ಇಳಿಸಿತು. ಆ ಸಂಗತಿಯನ್ನು ಗೃಹಸ್ಥರಾದ ತಮ್ಮ ಮುಂದೆ ಇಡುವುದು ಯುಕ್ತವೆಂದು ತೋರಿದೆ. ಏಕೆಂದರೆ ಅದರಲ್ಲಿ ತಪ್ಪು ನಮ್ಮದಾಗಿದ್ದಿತು.

ನಮ್ಮ ಅಣ್ಣನವರ ಮೊಮ್ಮಗಳು ದುಬೈ ನಗರದಲ್ಲಿ ನೆಲೆಸಿ, ಅಲ್ಲಿಯ ಒಂದು ವಿಮಾನ ಕಂಪೆನಿಯಲ್ಲಿ ಗಗನಸಖಿಯಾಗಿದ್ದಾಳೆ. ಅಣ್ಣನವರು ತೀರಿಕೊಂಡ ವರ್ಷ ತುಂಬಿ, ಮಾಘಮಾಸದಲ್ಲಿ ಅಬ್ದಿಕವು ಒದಗಿತು. ತಾತನ ತೊಡೆಯ ಮೇಲೆ ಬೆಳೆದ ಹುಡುಗಿ ಆ ದಿನ ಬಂದೇ ಬರುವಳೆಂದು ಎಲ್ಲರೂ ನಂಬಿದ್ದೆವು. ಹದಿನೈದು ದಿನ ಮುಂಚಿತವಾಗಿ ಟೆಲಿಫೋನಿನಲ್ಲಿ ತಿಳಿಸಿಯೂ ಆಯಿತು. ಅವಳು ಬರಲಿಲ್ಲ. ದುಬೈಯಿಂದ ಬೆಂಗಳೂರಿಗೆ ವಿಮಾನದಲ್ಲಿ ನಾಲ್ಕು ಗಂಟೆಗಳ ದಾರಿ. ಶಿವಮೊಗ್ಗೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಆದಕಾರಣ ನಮಗೆ ಕೋಪ ಬಂದಿತು. “ಪರದೇಶದ ಸಂಬಳ ಬಂದ ಮೇಲೆ ತಾತನ ಪಿಂಡ ಹಗುರವಾಯಿತೆ?” ಎಂದು ಹಿರಿಯರೆಂಬ ಬಲದಿಂದ ಕೇಳಿಬಿಟ್ಟೆವು. ಆಕೆ, “ರಜೆ ಕೇಳಿದ್ದೆ ಚಿಕ್ಕಜ್ಜ, ಸಿಕ್ಕಲಿಲ್ಲ” ಎಂದಷ್ಟೇ ಹೇಳಿ ಸುಮ್ಮನಾದಳು.

ಜ್ಯೇಷ್ಠದಲ್ಲಿ ರಜೆಯ ಮೇಲೆ ಊರಿಗೆ ಬಂದವಳು ಮೊದಲ ಎರಡು ದಿನ ಬರಿಯ ನಿದ್ರೆಯಲ್ಲೇ ಕಳೆದಳು. ಅದಕ್ಕೂ ನಾವು ಗೊಣಗಿದೆವು. ಮೂರನೆಯ ದಿನ ಅವಳು ತನ್ನ ಟೆಲಿಫೋನಿನಲ್ಲಿದ್ದ ತಿಂಗಳ ರೋಸ್ಟರನ್ನು ನಮಗೆ ತೋರಿಸಿದಳು. ಹಳೆಯ ಅಭ್ಯಾಸದಂತೆ ನಾವು ಅದನ್ನು ಕಾಗದದ ಮೇಲೆ ಗೆರೆಹಾಕಿ ಇಳಿಸಿಕೊಂಡೆವು. ಅದನ್ನು ಕಂಡ ಮೇಲೆ ನಮಗೆ ಉಂಟಾದ ತಿಳಿವಳಿಕೆಯು ಹೀಗಿದೆ.

ಗಗನಸಖಿಯ ಕೆಲಸಕ್ಕೆ ಸೋಮವಾರವೂ ಇಲ್ಲ, ಭಾನುವಾರವೂ ಇಲ್ಲ. ಒಂದು ತಿಂಗಳ ಪಟ್ಟಿಯು ಆ ತಿಂಗಳು ಹುಟ್ಟುವುದಕ್ಕೆ ಕೆಲವೇ ದಿನಗಳ ಮುಂಚೆ ಕೈಗೆ ಬರುವುದು. ಯಾವ ಊರಿಗೆ ಹೋಗಲು ಇಷ್ಟ, ಯಾವ ದಿನ ಬಿಡುವು ಬೇಕು ಎಂದು ಮೊದಲೇ ಬೇಡಿಕೆ ಸಲ್ಲಿಸಬಹುದು. ಆದರೆ ಬೇಡಿದವರು ಸಾವಿರಾರು ಮಂದಿ ಇರುವುದರಿಂದ ಸಿಕ್ಕುವುದು ಸರದಿಯಂತೆ. ವರ್ಷದ ರಜೆಯನ್ನಂತೂ ಅನೇಕ ತಿಂಗಳುಗಳ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಇದಲ್ಲದೆ ‘ಸ್ಟ್ಯಾಂಡ್‌ಬೈ’ ಎಂಬುದೊಂದು ಉಂಟು. ಅಂದರೆ ಪೆಟ್ಟಿಗೆ ಕಟ್ಟಿಟ್ಟುಕೊಂಡು ಕಾದಿರುವ ಸರದಿ. ಯಾರಾದರೂ ಕಾಯಿಲೆ ಬಿದ್ದರೆ ಕರೆ ಬರುವುದು. ಅದು ಬಂದ ಮೇಲೆಯೇ ಯಾವ ದೇಶಕ್ಕೆಂಬುದು ತಿಳಿಯುವುದು.

“ತಿಂಗಳಿಗೆ ನೂರು ಗಂಟೆ ಹಾರಿದರೆ ಮುಗಿಯಿತಂತೆ, ನಮ್ಮ ಗುಮಾಸ್ತರು ಅದರ ಎರಡರಷ್ಟು ದುಡಿಯುತ್ತಾರೆ” ಎಂದು ನಮ್ಮ ಸ್ನೇಹಿತರೊಬ್ಬರು ಹಾಸ್ಯ ಮಾಡಿದರು. ಮೊದಲು ನಾವೂ ಹಾಗೆಯೇ ಎಣಿಸಿದ್ದೆವು. ಯುರೋಪು ಖಂಡದ ನಿಯಮವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ 28 ದಿನಗಳಲ್ಲಿ 100 ಗಂಟೆಗಳಿಗೂ, ಒಂದು ವರ್ಷದಲ್ಲಿ 900 ಗಂಟೆಗಳಿಗೂ ಮೀರಿ ಹಾರಿಸತಕ್ಕದ್ದಲ್ಲ. ಆದರೆ ಈ ಲೆಕ್ಕವು ವಿಮಾನವು ಹೊರಡಲು ನಿಂತಲ್ಲಿಂದ ಕದಲಿದ ಕ್ಷಣದಿಂದ, ಮತ್ತೊಂದು ಊರಿನಲ್ಲಿ ನಿಲ್ಲುವ ಕ್ಷಣದವರೆಗೆ ಮಾತ್ರ. ಅದಕ್ಕೆ ಮುಂಚೆ ವರದಿಮಾಡಿಕೊಂಡು ಸಿದ್ಧವಾಗುವ ಹೊತ್ತು, ಎರಡು ಹಾರಾಟಗಳ ನಡುವೆ ನೆಲದ ಮೇಲೆ ಕಳೆಯುವ ಹೊತ್ತು, ಇವು ಆ ನೂರರಲ್ಲಿ ಸೇರವು. ಇವೆಲ್ಲವನ್ನೂ ಕೂಡಿಸಿದ ಕರ್ತವ್ಯದ ಅವಧಿಗೆ ಅದೇ ನಿಯಮವು 28 ದಿನಗಳಲ್ಲಿ 190 ಗಂಟೆಗಳ ಮಿತಿಯನ್ನು ಇಟ್ಟಿದೆ. ಪರದೇಶದ ಹೊಟೇಲಿನ ಕೋಣೆಯಲ್ಲಿ ಒಂಟಿಯಾಗಿ ಕಳೆದ ರಾತ್ರಿಗಳು ಅದರ ಹೊರಗೆ. ವಿಶ್ರಾಂತಿಯೂ ಸುಲಭವಾಗಿ ದೊರೆತದ್ದಲ್ಲ. ಅಮೆರಿಕಾ ದೇಶದಲ್ಲಿ ಎರಡು ಕರ್ತವ್ಯಗಳ ನಡುವೆ ಈ ಸಿಬ್ಬಂದಿಗೆ ಎಡೆಬಿಡದೆ 10 ಗಂಟೆಗಳ ವಿಶ್ರಾಂತಿ ಕೊಡತಕ್ಕದ್ದೆಂಬ ನಿಯಮವು ಬಂದದ್ದು 2022ರಲ್ಲಿ.

ಇನ್ನು ನಿದ್ರೆಯ ವಿಷಯ. ದುಬೈಯಿಂದ ಲಾಸ್ ಏಂಜಲೀಸಿಗೆ ಸುಮಾರು 16 ಗಂಟೆಗಳ ಹಾರಾಟ. ಚಳಿಗಾಲದಲ್ಲಿ ಆ ಎರಡು ಊರುಗಳಿಗೆ ಸರಿಯಾಗಿ 12 ಗಂಟೆಗಳ ಅಂತರ; ಇಲ್ಲಿಯ ಮಧ್ಯಾಹ್ನವೇ ಅಲ್ಲಿಯ ಮಧ್ಯರಾತ್ರಿ. ನಮ್ಮ ದೇಹದೊಳಗೆ ಹಗಲು ರಾತ್ರಿಗಳನ್ನು ಎಣಿಸುವ ಒಂದು ಗಡಿಯಾರವುಂಟು. ಅದು ನಡೆಯುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನವು ಸಂದಿತು. ಆ ಗಡಿಯಾರವು ಹೊಸ ಊರಿನ ಕಾಲಕ್ಕೆ ದಿನವೊಂದಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುವುದು. ಪೂರ್ವಕ್ಕೆ ಹೋದಾಗ ಇನ್ನೂ ನಿಧಾನ. ನಮ್ಮ ಹುಡುಗಿ ಅಲ್ಲಿ ಒಂದು ದಿನ ತಂಗಿ ಮರಳುವಳು. ನಾವು ಸಂಕಲ್ಪ ಮಾಡುವಾಗ ಮೊದಲು ದೇಶಕಾಲಗಳನ್ನು ಹೇಳಿಕೊಳ್ಳುತ್ತೇವಷ್ಟೆ. ಅವಳ ಕಾಲು ಒಂದು ದೇಶದಲ್ಲಿ, ನಿದ್ರೆ ಇನ್ನೊಂದರಲ್ಲಿ, ಮನಸ್ಸು ತೌರುಮನೆಯಲ್ಲಿ. ಹೀಗಿರುವಾಗ ಅವಳು ಹೇಳಿಕೊಳ್ಳಬೇಕಾದ ದೇಶಕಾಲ ಯಾವುದು? ಬಂದ ಮೊದಲ ಎರಡು ದಿನದ ನಿದ್ರೆಯು ಸೋಮಾರಿತನವಲ್ಲವೆಂದು ನಮಗೆ ಆಗ ಮನವರಿಕೆಯಾಯಿತು.

‘ಇಷ್ಟಕ್ಕೂ ಕಾಫಿ ಹಂಚುವ ಕೆಲಸ ತಾನೆ’ ಎನ್ನುವವರೂ ಉಂಟು. 1930ರಲ್ಲಿ ಅಮೆರಿಕಾ ದೇಶದ ಎಲೆನ್ ಚರ್ಚ್ ಎಂಬಾಕೆ ಹೆಂಗಸರಲ್ಲಿ ಮೊಟ್ಟಮೊದಲಾಗಿ ಈ ಉದ್ಯೋಗಕ್ಕೆ ಸೇರಿದಾಗ, ಆಕೆಯೂ ಜೊತೆಯ ಏಳು ಮಂದಿಯೂ ತರಬೇತಿ ಹೊಂದಿದ ದಾದಿಯರಾಗಿದ್ದರು. ಪ್ರಯಾಣಿಕರ ಪ್ರಾಣರಕ್ಷಣೆಯೇ ಇಂದಿಗೂ ಈ ಉದ್ಯೋಗದ ಮುಖ್ಯಾರ್ಥ. ಊಟ ಬಡಿಸುವುದು ಅದರ ಮೇಲಣ ಉಪಚಾರ. 2024ನೆಯ ಇಸವಿ ಜನವರಿ 2ರಂದು ಟೋಕಿಯೋ ನಗರದ ಹನೇಡಾ ನಿಲ್ದಾಣದಲ್ಲಿ ಜಪಾನಿನ ಪ್ರಯಾಣಿಕ ವಿಮಾನವೊಂದು ಇನ್ನೊಂದು ಚಿಕ್ಕ ವಿಮಾನಕ್ಕೆ ಡಿಕ್ಕಿ ಹೊಡೆದು ಹತ್ತಿ ಉರಿಯಿತು. ಚಿಕ್ಕ ವಿಮಾನದಲ್ಲಿದ್ದ ಐವರು ಮಡಿದರು. ಆದರೆ ಪ್ರಯಾಣಿಕ ವಿಮಾನದಲ್ಲಿದ್ದ 379 ಮಂದಿಯೂ ಜೀವಸಹಿತ ಹೊರಬಂದರು. ಅವರನ್ನು ಸಾಲಾಗಿ ಇಳಿಸಿದವರು ಇದೇ ಕಾಫಿ ಹಂಚುವವರು. ಅಂತಹ ಕ್ಷಣದಲ್ಲಿ ತೂಕಡಿಸುವವಳಿಂದ ಕೆಲಸ ನಡೆಯುವುದೆ? ಅವಳ ನಿದ್ರೆಯು ಅವಳೊಬ್ಬಳ ಸೊತ್ತಲ್ಲವೆಂದು ಇದರಿಂದ ತಿಳಿಯತಕ್ಕದ್ದು.

ಕಡೆಯಲ್ಲಿ ಮಾಘಮಾಸದ ಆ ದಿನದ ಮಾತು ಬಂದಿತು. ಅಂದು ಅವಳಿಗೆ ಸ್ಟ್ಯಾಂಡ್‌ಬೈ ಸರದಿ. ಕರೆ ಬಾರದೆ ಹೋದರೆ ಟೆಲಿಫೋನಿನಲ್ಲಾದರೂ ಮನೆಯವರೊಡನೆ ಇರಬಹುದೆಂದು ಎಣಿಸಿದ್ದಳಂತೆ. ಬೆಳಗಿನ ಜಾವ ಐದು ಗಂಟೆಗೆ ಕರೆ ಬಂದಿತು. ಬ್ರೆಜಿಲ್ ದೇಶದ ಸಾವೊ ಪೌಲೊ ನಗರಕ್ಕೆ ಹೊರಡಬೇಕಾಯಿತು. ನೌಕರರಿಗೆ ಅಗ್ಗದ ಟಿಕೆಟ್ಟು ಉಂಟೆಂದು ನಾವು ಕೇಳಿದ್ದೆವು. ಅದು ವಿಮಾನದಲ್ಲಿ ಆಸನ ಖಾಲಿ ಉಳಿದರೆ ಮಾತ್ರ, ಅದೂ ಬಿಡುವಿದ್ದ ದಿನ ಮಾತ್ರ ಎಂಬುದು ನಮಗೆ ತಿಳಿದಿರಲಿಲ್ಲ. ನಮ್ಮ ಮನೆಯಲ್ಲಿ ಬ್ರಾಹ್ಮಣರಿಗೆ ಎಲೆ ಹಾಕುವ ಹೊತ್ತಿಗೆ ದುಬೈಯಲ್ಲಿ ಹತ್ತೂವರೆ ಗಂಟೆ. ವಿಮಾನವು ಅರಬ್ಬರ ಮರುಭೂಮಿಯ ಮೇಲಿದ್ದಿತು.

“ಆ ಹೊತ್ತನ್ನು ಕೈಯ ಮೇಲೆ ಬರೆದುಕೊಂಡಿದ್ದೆ, ಚಿಕ್ಕಜ್ಜ. ಆಗ ನಾನೂ ಬಡಿಸುತ್ತಲೇ ಇದ್ದೆ. ತಾತನ ಹೆಸರಿನಲ್ಲಿ ಬಡಿಸುತ್ತಿದ್ದೇನೆ ಅಂದುಕೊಂಡೆ. ತಪ್ಪಾಯಿತೆ?” ಎಂದಳು.

ಮೂವತ್ತೈದು ವರ್ಷ ಮಕ್ಕಳಿಗೆ ಉತ್ತರ ಹೇಳಿಕೊಟ್ಟ ನಮಗೆ ಆಗ ಉತ್ತರ ತೋಚಲಿಲ್ಲ. ತಪ್ಪು ನಮ್ಮದೇ ಎಂದು ಸ್ವಲ್ಪ ಹೊತ್ತಿನ ಮೇಲೆ ಹೇಳಿದೆವು. ಅತ್ತಿಗೆಯವರು ಸೆರಗಿನಿಂದ ಕಣ್ಣೊರಸಿಕೊಂಡು ಒಳಗೆ ಹೋದರು.

ತಪ್ಪು ಎಲ್ಲಿಯದೆಂದರೆ, ಆ ಸಂವತ್ಸರದ ಪಂಚಾಂಗವು ಯುಗಾದಿಯ ದಿನದಿಂದಲೇ ನಮ್ಮ ಗೂಡಿನಲ್ಲಿದ್ದಿತು. ಮಾಘದ ಆ ತಿಥಿಯು ಯಾವ ತಾರೀಖಿಗೆ ಬೀಳುವುದೆಂಬುದು ಹತ್ತು ತಿಂಗಳ ಮುಂಚೆಯೇ ಅದರಲ್ಲಿ ಅಚ್ಚಾಗಿದ್ದಿತು. ತಿಥಿಯು ವರ್ಷವರ್ಷವೂ ಇಂಗ್ಲಿಷ್ ತಾರೀಖನ್ನು ಬಿಟ್ಟು ಸರಿಯುವುದೆಂಬುದನ್ನು ನಾವು ಬಲ್ಲೆವು. ದುಬೈಯಲ್ಲಿ ಕುಳಿತ ಹುಡುಗಿ ಹೇಗೆ ಬಲ್ಲಳು? ಹದಿನೈದು ದಿನವಿರುವಾಗ ತಿಳಿಸಿ, ಬರಲಿಲ್ಲವೆಂದು ನಿಂದಿಸಿದವರು ನಾವು.

ಆದುದರಿಂದ ಮಕ್ಕಳನ್ನು ಇಂತಹ ಉದ್ಯೋಗಕ್ಕೆ ಕಳುಹಿಸಿರುವ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಯುಗಾದಿಯ ದಿನ ಪಂಚಾಂಗ ಶ್ರವಣವಾದ ಮೇಲೆ, ವರ್ಷದ ಶ್ರಾದ್ಧ, ವ್ರತ, ಹಬ್ಬಗಳ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು ಅವರಿಗೆ ಕಳುಹಿಸಿರಿ. ಅವರ ತಿಂಗಳ ಪಟ್ಟಿಯನ್ನು ತರಿಸಿಕೊಂಡು ಅಡಿಗೆಮನೆಯ ಗೋಡೆಗೆ ಅಂಟಿಸಿರಿ. ಟೆಲಿಫೋನು ಮಾಡುವ ಮೊದಲು ಅಲ್ಲಿ ಅವರು ನಿದ್ರಿಸುವ ಹೊತ್ತೋ ಎಂದು ನೋಡಿರಿ. ಮದುವೆಯ ಮಾತುಕತೆಯಾಗಲಿ ಗೃಹಪ್ರವೇಶವಾಗಲಿ, ಸಾಧ್ಯವಾದರೆ ಅವರ ರಜೆಯನ್ನು ಕೇಳಿ ಮುಹೂರ್ತವನ್ನು ಇಡಿಸಿರಿ. ಇದರಿಂದ ಶಾಸ್ತ್ರಕ್ಕೆ ಲೋಪವಿಲ್ಲ, ಮಕ್ಕಳಿಗೆ ನೆಮ್ಮದಿಯುಂಟು.

ಈ ಯುಗಾದಿಗೆ ಇನ್ನೂ ತಿಂಗಳುಗಳಿವೆ. ಆದರೂ ನಾವು ಜ್ಯೋತಿಷಿಗಳ ಮನೆಗೆ ಹೋಗಿ, ಮುಂದಿನ ಮಾಘದ ತಾರೀಖನ್ನು ಈಗಲೇ ಗಣಿಸಿ ತಂದಿದ್ದೇವೆ. ಅದನ್ನು ಹುಡುಗಿಗೆ ಕಳುಹಿಸಿಯೂ ಆಯಿತು. ರಜೆಗೆ ಅರ್ಜಿ ಹಾಕಿದ್ದಾಳೆ. ಸಿಕ್ಕಿದರೆ ಸಂತೋಷ, ಸಿಕ್ಕದಿದ್ದರೆ ಅವಳು ಎಲ್ಲಿ ಬಡಿಸುತ್ತಿರುವಳೋ ಆ ಪಂಕ್ತಿಯೂ ಅಣ್ಣನವರದೇ ಎಂದು ನಾವು ತಿಳಿಯುವೆವು.