ಮ್ಯೂಸಿಯಂ ಮೊಬೈಲಿನಲ್ಲಿ ತೆರೆದಾಗ

ಹೂಡೆಯ ಹೈಸ್ಕೂಲು ವಿದ್ಯಾರ್ಥಿನಿಯೊಬ್ಬಳು ಕಲಾವಿದ ಕೆ.ಕೆ. ಹೆಬ್ಬಾರರ ಬಗ್ಗೆ ಪ್ರಬಂಧ ಬರೆಯಬೇಕಾಗಿದೆ ಎಂದಿಟ್ಟುಕೊಳ್ಳಿ. ಹೆಬ್ಬಾರರು (1911-1996) ಹುಟ್ಟಿದ ಕಟ್ಟಿಂಗೇರಿ ಇದೇ ಉಡುಪಿ ಜಿಲ್ಲೆಯಲ್ಲಿದೆ. ಆದರೆ ಅವರ ಕೃತಿಗಳ ಸಂಗ್ರಹವುಳ್ಳ ವೆಂಕಟಪ್ಪ ಆರ್ಟ್ ಗ್ಯಾಲರಿ ಇರುವುದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ. ಒಂದು ಪ್ರಬಂಧಕ್ಕಾಗಿ ಮಗಳನ್ನು ಘಟ್ಟ ಹತ್ತಿಸಿ ಕರೆದೊಯ್ಯುವುದು ಎಲ್ಲ ಹೆತ್ತವರಿಗೂ ಆಗುವ ಮಾತಲ್ಲ. ಆಕೆಯ ಪಾಲಿಗೆ ಮ್ಯೂಸಿಯಮ್ಮಿನ ಬಾಗಿಲೆಂದರೆ ಮನೆಯ ಮೊಬೈಲೇ.

ಅದೇ ರಸ್ತೆಯ 'ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿ' 2020ರ ಡಿಸೆಂಬರಿನಲ್ಲಿ ಮೊದಲು ಅಂತರ್ಜಾಲದಲ್ಲೇ ತೆರೆದುಕೊಂಡಿತು. ಕಟ್ಟಡದ ಬಾಗಿಲು ತೆರೆದದ್ದು 2023ರ ಫೆಬ್ರವರಿಯಲ್ಲಿ. ವೆಬ್‌ಸೈಟ್ ಎಂದರೆ ಟಿಕೆಟ್ ದರ, ವೇಳೆ ತಿಳಿಸುವ ಬೋರ್ಡು ಮಾತ್ರವಲ್ಲ ಎಂಬುದಕ್ಕೆ ಇದೇ ನಿದರ್ಶನ.

ಹಾಗಾದರೆ ಒಳ್ಳೆಯ ವೆಬ್‌ಸೈಟ್ ಹೇಗಿರಬೇಕು? ಮೊದಲನೆಯದು ಹುಡುಕಾಟ. ಒಬ್ಬರು 'ಕೆ.ಕೆ. ಹೆಬ್ಬಾರ್' ಎಂದು ಬರೆದರೆ, ಇನ್ನೊಬ್ಬರು 'ಕಟ್ಟಿಂಗೇರಿ ಕೃಷ್ಣ ಹೆಬ್ಬಾರ' ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪುವುದೂ ಉಂಟು. ಹೇಗೆ ಬರೆದರೂ ಅದೇ ಕಲಾವಿದ ಸಿಗಬೇಕು. 'ಏನೂ ಸಿಗಲಿಲ್ಲ' ಎಂಬ ಉತ್ತರ ಕಂಡರೆ ಹುಡುಗಿ ತಪ್ಪು ತನ್ನದೇ ಎಂದುಕೊಂಡು ಎದ್ದುಹೋಗುತ್ತಾಳೆ.

ಎರಡನೆಯದು ಅಳತೆ. ಅಂಗೈಯಗಲದ ಪರದೆಯಲ್ಲಿ ಆರಡಿಯ ಕ್ಯಾನ್‌ವಾಸೂ ಅಂಚೆಕಾರ್ಡಿನಷ್ಟು ಚಿತ್ರವೂ ಒಂದೇ. ಆದ್ದರಿಂದ ಉದ್ದಗಲ, ಮಾಧ್ಯಮ, ರಚಿಸಿದ ವರ್ಷಗಳು ಚಿತ್ರದ ಕೆಳಗೇ ಇರಬೇಕು. ಮೂರನೆಯದು ಭಾರ. ಮೊದಲು ಚಿಕ್ಕ ಚಿತ್ರ ಬರಲಿ, ಬೇಕೆಂದವರಿಗೆ ಮಾತ್ರ ಕುಂಚದ ಗೆರೆಯೂ ಕಾಣುವಂಥ ದೊಡ್ಡದು. ಇಲ್ಲವಾದರೆ ನೆಟ್‌ವರ್ಕ್ ದುರ್ಬಲವಾಗಿರುವ ಊರಿನಲ್ಲಿ ಬಿಳಿ ಪರದೆಯೇ ಗತಿ. ನಾಲ್ಕನೆಯದು ಮಾತು. ಚಿತ್ರದಲ್ಲಿ ಏನಿದೆ ಎಂಬ ಎರಡು ಸಾಲಿನ ವಿವರಣೆ ಜತೆಗಿದ್ದರೆ, ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳಬಲ್ಲದು. ಆ ವಿವರಣೆ ಕನ್ನಡದಲ್ಲೂ ಇದ್ದರೆ ಅಜ್ಜಿಯೂ ಮೊಮ್ಮಗಳ ಪಕ್ಕ ಕುಳಿತಾಳು.

ಇದನ್ನೆಲ್ಲ ಪರೀಕ್ಷಿಸಲು ಭಾರೀ ಖರ್ಚು ಬೇಡ. ಐದು ಮಂದಿಯಿಂದ ಬಳಸಿ ನೋಡಿದರೆ ಹೆಚ್ಚಿನ ದೋಷಗಳು ಹೊರಬೀಳುತ್ತವೆ ಎಂದು ಈ ಕ್ಷೇತ್ರದ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದರು.

ಹೆತ್ತವರೂ ಇದನ್ನು ಮನೆಯಲ್ಲಿ ಮಾಡಬಹುದು. ಯಾವುದಾದರೂ ಮ್ಯೂಸಿಯಮ್ಮಿನ ವೆಬ್‌ಸೈಟ್ ತೆರೆದು, 'ಹೆಬ್ಬಾರರ ಒಂದು ಚಿತ್ರ ಹುಡುಕಿ, ಅದರ ಉದ್ದಗಲ ಹೇಳು' ಎಂದು ಮಗುವಿಗೆ ಹೇಳಿ. ನಡುವೆ ಬಾಯಿ ಹಾಕಬೇಡಿ. ಬೆರಳು ಎಲ್ಲಿ ತಡವರಿಸುತ್ತದೆ ಎಂದು ಗಮನಿಸಿ, ಮಗುವಿನ ಕೈಯಿಂದಲೇ ಮ್ಯೂಸಿಯಮ್ಮಿಗೆ ನಾಲ್ಕು ಸಾಲು ಬರೆಸಿ. ತಡವರಿಸಿದ್ದು ಮಗುವಿನ ದಡ್ಡತನವಲ್ಲ, ವೆಬ್‌ಸೈಟಿನ ಕೊರತೆ. ಅಷ್ಟು ತಿಳಿದ ಮಗು ಮುಂದೊಂದು ದಿನ ಅಂಥ ವೆಬ್‌ಸೈಟನ್ನು ತಾನೇ ಚೆನ್ನಾಗಿ ಕಟ್ಟೀತು.